‘ಸಂಗ್ಯಾ-ಬಾಳ್ಯಾ’ದ ಹೊಸ ರೂಪಗಳೂ ಹವ್ಯಾಸಿ ನಟನೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಗೆ ತನ್ನದೇ ಆದ ಒಂದು ರುದ್ರನಾಟಕವಿದೆ. ಅದು ‘ಸಂಗ್ಯಾ-ಬಾಳ್ಯಾ’ ಸಣ್ಣಾಟ. ಹತ್ತೊಂಬತ್ತನೆಯ ಶತಮಾನದಲ್ಲಿ ಬೈಲಹೊಂಗಲದಲ್ಲಿಯೇ ನಡೆದುದೆಂದು ಪರಂಪರೆ ಹೇಳುವ ಕೊಲೆಯೊಂದು ಇದರ ವಸ್ತು. ಕರ್ತೃತ್ವವನ್ನು ಪತ್ತಾರ ಮಾಸ್ತರರಿಗೆ ಸಲ್ಲಿಸುವುದು ವಾಡಿಕೆ. 1966ರಲ್ಲಿ ಶ್ರೀ ಚಂದ್ರಶೇಖರ ಕಂಬಾರರು ಈ ಆಟದ ಪಠ್ಯವನ್ನು ಸಂಪಾದಿಸಿ ಅಚ್ಚಿಗೆ ತಂದರು. 1975ರಲ್ಲಿ ಇದೇ ಕಥೆಯನ್ನು ‘ಸಂಗ್ಯಾ ಬಾಳ್ಯಾ ಅನಬೇಕೋ ನಾಡೊಳಗ’ ಎಂಬ ಹೆಸರಿನಿಂದ ಹೊಸ ರಂಗಭೂಮಿಗೆ ಹೊಂದಿಸಿದರು. ಹವ್ಯಾಸಿ ತಂಡಗಳೂ ಈ ಕಥೆಯನ್ನು ತಮತಮಗೆ ತೋರಿದಂತೆ ತಿದ್ದಿ, ಕುಗ್ಗಿಸಿ ಆಡುತ್ತ ಬಂದಿವೆ. ಇಂತಹ ರೂಪಾಂತರದಲ್ಲಿ ಪಾತ್ರ ವಹಿಸುವ ನಟನಿಗೆ ಒದಗುವ ಒಂದು ತೊಡಕನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಕಥೆ ಸರಳವಾದುದು. ಸಂಗ್ಯಾ ಉಳ್ಳವರ ಮನೆಯ ಯುವಕ. ಈರ್ಯಾನ ಹೆಂಡತಿ ಗಂಗೆಯನ್ನು ಕಂಡು ಮೋಹಗೊಳ್ಳುತ್ತಾನೆ. ಗೆಳೆಯ ಬಾಳ್ಯಾನ ನೆರವಿನಿಂದಲೂ ಮುದುಕಿಯೊಬ್ಬಳ ಮಾತುಗಾರಿಕೆಯಿಂದಲೂ ಅವಳನ್ನು ಪಡೆಯುತ್ತಾನೆ. ವಿಷಯ ಬಯಲಾಗುತ್ತದೆ. ಕೊನೆಗೆ ಬಾಳ್ಯಾನೇ ಗೆಳೆಯನನ್ನು ಕೈಬಿಡುತ್ತಾನೆ, ಸಂಗ್ಯಾ ಕೊಲೆಯಾಗುತ್ತಾನೆ. ದೊಡ್ಡಾಟದಲ್ಲಿ ಕಾಣುವ ದೇವತೆಗಳಾಗಲಿ ರಾಕ್ಷಸರಾಗಲಿ ಕಿರೀಟ ಭುಜಕೀರ್ತಿಗಳಾಗಲಿ ಇಲ್ಲಿಲ್ಲ. ಅರಸುಮಕ್ಕಳ ಪತನವಿಲ್ಲದ ಕೃತಿಯನ್ನು ರುದ್ರನಾಟಕವೆನ್ನಬಹುದೇ ಎಂದು ಲಕ್ಷಣಜ್ಞರು ಸಂದೇಹಪಡಬಹುದು. ಆ ಚರ್ಚೆಯಿಂದ ನಮಗೆ ಹೆಚ್ಚಿನ ಪ್ರಯೋಜನ ತೋರದು. ಆದರೆ ಹೆಸರುಗಳನ್ನು ಗಮನಿಸಬೇಕು. ಸಂಗಣ್ಣ ಸಂಗ್ಯಾ ಆಗಿದ್ದಾನೆ, ಬಾಳಣ್ಣ ಬಾಳ್ಯಾ, ಈರಣ್ಣ ಈರ್ಯಾ. ಈ ಸೀಮೆಯ ಮಾತಿನಲ್ಲಿ ಹೀಗೆ ಕರೆಯುವುದು ಸಲಿಗೆಯೂ ಹೌದು, ತಾತ್ಸಾರವೂ ಹೌದು. ಕಣ್ಣೆದುರು ಬೆಳೆದ ಹುಡುಗನನ್ನು ಊರು ಕರೆಯುವ ರೀತಿ ಅದು. ಸಂಗ್ಯಾನನ್ನು ಪ್ರಣಯವೀರನಂತೆ, ಎದೆಯುಬ್ಬಿಸಿ, ಕಣ್ಣು ಅರೆಮುಚ್ಚಿ ಅಭಿನಯಿಸುವ ಹವ್ಯಾಸಿ ನಟನಿಗೆ ಅವನ ಹೆಸರೇ ಅಡ್ಡ ಬರುತ್ತದೆ. ಊರು ತೀರ್ಪು ಕೊಡುವ ಮೊದಲೇ ಹೆಸರಿನಲ್ಲಿ ಅರ್ಧ ತೀರ್ಪು ಸೇರಿಹೋಗಿದೆ.

ಊರಿನ ಈ ಧ್ವನಿ ಆಟದಲ್ಲಿ ಪ್ರತ್ಯಕ್ಷವಾಗುವುದು ಹಿಮ್ಮೇಳದ ಮೂಲಕ. ಸಣ್ಣಾಟದಲ್ಲಿ ಪಾತ್ರಧಾರಿ ಒಂದು ಸೊಲ್ಲು ಹಾಡುತ್ತಾನೆ. ಹಿಂದೆ ನಿಂತವರು ಅದರ ಕೊನೆಯನ್ನು ಎತ್ತಿಕೊಂಡು ಮತ್ತೆ ಹಾಡುತ್ತಾರೆ. ಆ ಬಿಡುವಿನಲ್ಲಿ ನಟ ಹೆಜ್ಜೆ ಹಾಕಿ, ಉಸಿರು ತಿರುಗಿಸಿಕೊಂಡು, ಮುಂದಿನ ಸೊಲ್ಲಿಗೆ ಅಣಿಯಾಗುತ್ತಾನೆ. ಇದನ್ನು ಕೇವಲ ಸಂಗೀತದ ಅನುಕೂಲವೆಂದು ತಿಳಿಯುವುದು ಸರಿಯಲ್ಲ. ಸಂಗ್ಯಾ ತನ್ನ ಬಯಕೆಯನ್ನು ಹಾಡಿದಾಗ ಅದೇ ಬಯಕೆಯನ್ನು ಹಿಮ್ಮೇಳ ಹಾಡುತ್ತದೆ. ಈರ್ಯಾ ತನ್ನ ಸಿಟ್ಟನ್ನು ಹಾಡಿದಾಗ ಅದೇ ಕಂಠಗಳು ಅಷ್ಟೇ ಹುರುಪಿನಿಂದ ಆ ಸಿಟ್ಟನ್ನು ಎತ್ತಿಕೊಳ್ಳುತ್ತವೆ. ಗ್ರೀಕ್ ನಾಟಕದ ಮೇಳ ಬುದ್ಧಿ ಹೇಳುತ್ತದೆ, ಮರುಗುತ್ತದೆ, ಕೆಲವೊಮ್ಮೆ ನಾಯಕನೊಡನೆ ವಾದಿಸುತ್ತದೆ. ಸೊಫೊಕ್ಲೀಸನ ‘ಅಯಾಸ್’ ನಾಟಕವನ್ನು ಬಿ. ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ (1929) ಆಗಿ ಮಾರ್ಪಡಿಸಿದಾಗ, ಚಿರಂಜೀವಿಯೆಂದು ಪುರಾಣ ಹೇಳುವವನಿಗೆ ಸಾವನ್ನು ವಿಧಿಸುವಷ್ಟು ದೂರ ಹೋದರೂ ಮೇಳವನ್ನು ಕೈಬಿಡಲಿಲ್ಲ. ನಮ್ಮ ಹಿಮ್ಮೇಳ ಬುದ್ಧಿ ಹೇಳುವುದಿಲ್ಲ. ಅದು ಎಲ್ಲರ ಮಾತನ್ನೂ ತನ್ನ ಮಾತಾಗಿಸಿಕೊಳ್ಳುತ್ತದೆ. ಸಂಗ್ಯಾನ ಮೋಹಕ್ಕೂ ಬಾಳ್ಯಾನ ದ್ರೋಹಕ್ಕೂ ಈರ್ಯಾನ ಕತ್ತಿಗೂ ಒಂದೇ ಊರು ದನಿಗೂಡಿಸುತ್ತದೆ. ಹೀಗಾಗಿ ಕೊಲೆಯ ಹೊಣೆ ಯಾವನೊಬ್ಬನ ಮೇಲೂ ಪೂರ್ತಿಯಾಗಿ ಕೂಡುವುದಿಲ್ಲ. ಈ ಆಟದ ರುದ್ರತೆ ನೆಲೆಸಿರುವುದು ಇಲ್ಲಿ ಎಂದು ನಮ್ಮ ಅಭಿಪ್ರಾಯ.

ಹವ್ಯಾಸಿ ರೂಪಾಂತರಗಳಲ್ಲಿ ಮೊದಲು ಕತ್ತರಿ ಬೀಳುವುದು ಹಿಮ್ಮೇಳಕ್ಕೇ. ಕಾರಣಗಳು ಅರ್ಥವಾಗದವಲ್ಲ. ಇರುಳಿಡೀ ನಡೆಯುವ ಆಟವನ್ನು ಎರಡು ಗಂಟೆಗಳಿಗೆ ಇಳಿಸಬೇಕು. ತಂಡದಲ್ಲಿರುವವರು ಶಾಲಾಮಾಸ್ತರರು, ಕಚೇರಿಯ ಗುಮಾಸ್ತರು, ಕಾಲೇಜಿನ ವಿದ್ಯಾರ್ಥಿಗಳು. ಸಂಜೆಯ ತಾಲೀಮಿನಲ್ಲಿ ಮಾತು ಕಲಿಯುವುದೇ ಕಷ್ಟವಾಗಿರುವಾಗ ತಾರಸ್ಥಾಯಿಯಲ್ಲಿ ಹಾಡಬಲ್ಲ ಐದಾರು ಕಂಠಗಳನ್ನು ಎಲ್ಲಿಂದ ತರಬೇಕು? ಆದುದರಿಂದ ಹಿಮ್ಮೇಳ ಒಬ್ಬ ಸೂತ್ರಧಾರನಾಗಿ ಕುಗ್ಗುತ್ತದೆ. ಅವನು ಮುಂದೆ ಬಂದು ಕಥೆಯ ಕೊಂಡಿಗಳನ್ನು ಹೇಳಿ, ನಡುನಡುವೆ ಇಂದಿನ ರಾಜಕೀಯದ ಮೇಲೆ ಒಂದೆರಡು ಚುರುಕು ಮಾತಾಡಿ, ಚಪ್ಪಾಳೆ ಗಿಟ್ಟಿಸಿ ಹೋಗುತ್ತಾನೆ. ಕಂಬಾರರು ಈ ವಿಷಯದಲ್ಲಿ ಜಾಣರು. ಹಾಡೂ ಮೇಳವೂ ಅವರ ರಂಗಕಲ್ಪನೆಯ ಬುಡದಲ್ಲಿಯೇ ಇವೆ. ಅವರನ್ನು ಅನುಸರಿಸಿದವರಲ್ಲಿ ಆ ಎಚ್ಚರ ಸಾಮಾನ್ಯವಾಗಿ ಕಾಣದು.

ಇದರ ಭಾರ ಬೀಳುವುದು ಬಾಳ್ಯಾನ ಪಾತ್ರಧಾರಿಯ ಮೇಲೆ. ಗೆಳೆಯನನ್ನು ಕೂಡಿಸಿದವನೂ ಇವನೇ, ಕೊಡಿಸಿದವನೂ ಇವನೇ. ಏಕೆ? ಹಣದ ಆಸೆಯೋ, ಜೀವದ ಅಂಜಿಕೆಯೋ, ಉಳ್ಳವನ ಬೆನ್ನಿಗೆ ಬಹುಕಾಲ ನಡೆದವನ ಒಳಗುದಿಯೋ? ಮೇಳದಿಂದ ಮೇಳಕ್ಕೆ ಮಾತು ಬದಲಾಗುವ ಆಟದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವನ್ನು ಹುಡುಕುವುದೇ ಸಲ್ಲದು. ಹಾಡುವ ಬಾಳ್ಯಾ ಕಾರಣ ಹೇಳಬೇಕಾಗಿಯೂ ಇಲ್ಲ. ಹಿಮ್ಮೇಳ ಅವನ ಸೊಲ್ಲನ್ನು ಎತ್ತಿಕೊಂಡ ಕ್ಷಣದಲ್ಲಿ, ಊರೇ ಅವನೊಡನೆ ಆ ಹೆಜ್ಜೆಯನ್ನು ಇಟ್ಟಿತೆಂದು ಪ್ರೇಕ್ಷಕನಿಗೆ ತಿಳಿಯುತ್ತದೆ. ಹಿಮ್ಮೇಳವಿಲ್ಲದ ರಂಗದಲ್ಲಿ ಅವನು ಒಬ್ಬಂಟಿ. ಆಗ ರೂಪಾಂತರಕಾರರು ಅವನಿಗೊಂದು ಸ್ವಗತವನ್ನು ಬರೆದುಕೊಡುತ್ತಾರೆ: ಬಡತನ, ಅವಮಾನ, ಬಾಲ್ಯದ ನೋವು. ನಟ ಬೆಳಕಿನ ವೃತ್ತದಲ್ಲಿ ನಿಂತು ಕಣ್ಣೀರಿಡುತ್ತಾನೆ. ಅಭಿನಯ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ, ಪ್ರೇಕ್ಷಕರೂ ಮರುಗುತ್ತಾರೆ. ಆದರೆ ಮರುಗಿ ಬಾಳ್ಯಾನನ್ನು ಕ್ಷಮಿಸಿದ ಪ್ರೇಕ್ಷಕ ತಾನೂ ಆ ಹೊಣೆಯಿಂದ ಹೊರಗುಳಿದು ಮನೆಗೆ ಹೋಗುತ್ತಾನೆ. ಮೂಲದ ಆಟ ಅವನಿಗೆ ಈ ಸವಲತ್ತನ್ನು ಕೊಟ್ಟಿರಲಿಲ್ಲ.

ಈ ಸೀಮೆಯ ಪ್ರೇಕ್ಷಕರಿಗೆ ಶೋಕದ ಇನ್ನೊಂದು ಬಗೆ ಚೆನ್ನಾಗಿ ಗೊತ್ತು. ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಸೆರೆಯಲ್ಲಿಯೇ ಕಣ್ಣುಮುಚ್ಚಿದ್ದು ಇದೇ ಬೈಲಹೊಂಗಲದಲ್ಲಿ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದ ಬಳಿ ಗಲ್ಲಿಗೇರಿಸಲಾಯಿತು. ಅವರ ಕಥೆಯನ್ನು ಆಡುವಾಗ ಊರು ಒಮ್ಮನಸ್ಸಿನಿಂದ ದುಃಖಿಸಬಲ್ಲುದು, ಏಕೆಂದರೆ ಕೊಂದವರು ಹೊರಗಿನವರು. ‘ಸಂಗ್ಯಾ-ಬಾಳ್ಯಾ’ದಲ್ಲಿ ಹೊರಗಿನವರೇ ಇಲ್ಲ. ವೀರನಾಟಕದ ಅಭ್ಯಾಸವಿರುವ ಹವ್ಯಾಸಿ ನಟರು ಇಲ್ಲಿಯೂ ಒಬ್ಬ ಖಳನನ್ನು ಹುಡುಕುತ್ತಾರೆ. ಸಿಕ್ಕದಿದ್ದಾಗ ಮುದುಕಿಯನ್ನೇ ನಗೆಪಾಟಲಿನ ಖಳಳನ್ನಾಗಿ ಮಾಡಿಬಿಡುತ್ತಾರೆ.

ಗಂಗೆಯ ಪಾತ್ರದಲ್ಲಿ ಹೊಸ ರಂಗ ಮೂಲಕ್ಕಿಂತ ಮುಂದೆ ಹೋಗಿದೆಯೆಂದು ಒಪ್ಪಬೇಕು. ಹಿಂದೆ ಹೆಣ್ಣಿನ ವೇಷವನ್ನು ಗಂಡಸರೇ ಹಾಕುತ್ತಿದ್ದರು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ ವೃತ್ತಿರಂಗಭೂಮಿಯಲ್ಲಿ ಹೆಸರಾದ ಏಣಗಿ ಬಾಳಪ್ಪನವರೂ ತಾರುಣ್ಯದಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿದವರೇ. ಈಗ ಗಂಗೆಯಾಗಿ ಹೆಣ್ಣುಮಗಳೇ ನಿಂತಾಗ ಅವಳ ಮೌನಕ್ಕೂ ತೂಕ ಬರುತ್ತದೆ. ಗಂಡನೆದುರು ಅವಳು ತಲೆತಗ್ಗಿಸಿ ನಿಂತ ನಿಲುವಿನಲ್ಲಿ, ಯಾರೂ ಬರೆಯದ ಒಂದು ಮಾತಿದೆ. ರೂಪಾಂತರಕಾರರು ಅದನ್ನೂ ನಂಬದೆ ಅವಳಿಗೆ ಹೆಣ್ಣಿನ ಸ್ವಾತಂತ್ರ್ಯವನ್ನು ಕುರಿತ ಭಾಷಣವನ್ನು ಒದಗಿಸುವುದುಂಟು. ಅದಕ್ಕಿಂತ ಅವಳು ತನ್ನ ಬಯಕೆಯ ಒಂದು ಸೊಲ್ಲನ್ನು ಹಾಡಲಿ. ಹಿಂದೆ ನಿಂತ ಗಂಡಸರು, ಅವಳಿಗೆ ನಾಳೆ ಶಿಕ್ಷೆ ವಿಧಿಸುವ ಊರಿನ ಗಂಡಸರು, ‘ನಾನು’ ಎಂದು ಅವಳ ಬಾಯಿಂದ ಬಂದುದನ್ನು ತಮ್ಮ ಬಾಯಿಂದಲೇ ಮತ್ತೆ ಹಾಡಲಿ. ಐದಾರು ಕಂಠಗಳು ದೊರೆಯದಿದ್ದರೆ ಎರಡು ಸಾಕು. ಈರ್ಯಾನ ವೇಷದವನೂ ಆ ಹೊತ್ತಿಗೆ ಹಿಂದೆ ಸರಿದು ಅವರೊಡನೆ ದನಿಗೂಡಿಸಬಹುದು.