ಜನಮತವಾಕ್ಯದ ತಾತ್ಪರ್ಯವಿಚಾರ

೧

‘ಮತ’ ಎಂಬ ಶಬ್ದವು ಕನ್ನಡದಲ್ಲಿ ಮೂರು ಅರ್ಥಗಳಲ್ಲಿ ರೂಢವಾಗಿದೆ. ಒಬ್ಬನು ಒಂದು ವಿಷಯದಲ್ಲಿ ತಳೆದಿರುವ ಅಭಿಪ್ರಾಯವು ಮತ; ಶೈವ, ವೈಷ್ಣವ, ಜೈನ ಮೊದಲಾದ ಸಂಪ್ರದಾಯಗಳೂ ಮತಗಳೇ; ಚುನಾವಣೆಯ ದಿನ ಪೆಟ್ಟಿಗೆಯಲ್ಲಿ ಹಾಕುವ ಚೀಟಿಯೂ ಮತವೇ. ಮೊದಲನೆಯದು ವಿಚಾರದಿಂದ ಬದಲಾಗತಕ್ಕುದು. ಎರಡನೆಯದು ಬಹುಮಟ್ಟಿಗೆ ಮನೆತನದಲ್ಲಿ ಇಳಿದುಬರತಕ್ಕುದು. ಮೂರನೆಯದು ಎಣಿಕೆಗೆ ಸಿಕ್ಕತಕ್ಕುದು. ಒಂದು ರಾಷ್ಟ್ರವು ತನ್ನ ಪ್ರಜೆಗಳನ್ನೆಲ್ಲ ಒಂದೇ ಪ್ರಶ್ನೆ ಕೇಳಿ, ಬಂದ ಚೀಟಿಗಳ ಎಣಿಕೆಯನ್ನು ರಾಷ್ಟ್ರದ ಅಭಿಪ್ರಾಯವೆಂದು ಸಾರಿತೆನ್ನೋಣ. ಕೆಲವು ಕಾಲದಲ್ಲಿಯೇ ಆ ಅಭಿಪ್ರಾಯವು ಸಂಪ್ರದಾಯದಂತೆ ಗಟ್ಟಿಗೊಂಡು ಜನರನ್ನು ಎರಡು ಪಂಗಡಗಳಾಗಿ ಒಡೆದರೆ, ಆ ನಿರ್ಣಯವನ್ನು ಹಿಂದಕ್ಕೆ ತೆಗೆಯಲು ಸರಕಾರಕ್ಕೆ ಸಾಧ್ಯವೇ? ಸಾಧ್ಯವಾದರೂ ಅದು ಯುಕ್ತವೇ?

೨೦೧೬ನೆಯ ಇಸವಿಯಿಂದ ೨೦೧೯ರವರೆಗೆ ಬ್ರಿಟನ್ನಿನಲ್ಲಿ ಈ ಪ್ರಶ್ನೆಯು ಪಾರ್ಲಿಮೆಂಟನ್ನೂ ನ್ಯಾಯಸ್ಥಾನಗಳನ್ನೂ ಮನೆಮನೆಯನ್ನೂ ಕಲಕಿತು. ಇದು ರಾಜ್ಯಶಾಸ್ತ್ರಜ್ಞರ ವಿಷಯ, ಸಾಹಿತ್ಯವನ್ನು ಓದುವ ಓದಿಸುವ ನಮಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಆ ವಿವಾದದ ತಿರುಳನ್ನು ನೋಡಿದರೆ ಅದು ಒಂದು ವಾಕ್ಯದ ಅರ್ಥವನ್ನು ಕುರಿತ ಜಗಳವೆಂದು ತಿಳಿಯುವುದು. ಜನರು ಏನೆಂದರು? ಅಂದುದರಲ್ಲಿ ವಿಧಿಯೆಷ್ಟು, ಸೂಚನೆಯೆಷ್ಟು? ಅದಕ್ಕೆ ಅರ್ಥ ಹೇಳುವ ಅಧಿಕಾರ ಯಾರದು? ಇವೆಲ್ಲ ವ್ಯಾಖ್ಯಾನಕಾರರ ಪ್ರಶ್ನೆಗಳು. ಆದಕಾರಣ ಆ ವಾಕ್ಯವನ್ನು ಒಂದು ಗ್ರಂಥಪಾಠವನ್ನು ಪರೀಕ್ಷಿಸುವಂತೆ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಪಾಠವನ್ನು ನೋಡೋಣ. ೨೦೧೫ರ ಕಾಯಿದೆಯ ಮಸೂದೆಯಲ್ಲಿ ಮೊದಲಿದ್ದ ಪ್ರಶ್ನೆಯು, ಯುನೈಟೆಡ್ ಕಿಂಗ್‌ಡಮ್ ಐರೋಪ್ಯ ಒಕ್ಕೂಟದ ಸದಸ್ಯನಾಗಿ ಉಳಿಯಬೇಕೇ ಎಂದಿಷ್ಟೆ. ಚುನಾವಣಾ ಆಯೋಗವು, ಹೀಗೆ ಕೇಳಿದರೆ ‘ಹೌದು’ ಎಂಬ ಉತ್ತರದ ಕಡೆಗೆ ವಾಲಿದಂತೆ ತೋರೀತೆಂದು, ಉಳಿಯಬೇಕೇ ಇಲ್ಲವೇ ಬಿಡಬೇಕೇ ಎಂದು ಎರಡನ್ನೂ ಸೇರಿಸುವಂತೆ ಸಲಹೆಮಾಡಿತು. ಅದೇ ಪಾಠವು ಸ್ಥಿರವಾಯಿತು. ಒಂದು ಕ್ರಿಯಾಪದದ ತೂಕವನ್ನು ಇಷ್ಟು ಎಚ್ಚರದಿಂದ ನೋಡಿದವರು, ಉತ್ತರ ಬಂದಮೇಲೆ ಮಾಡಬೇಕಾದುದೇನೆಂಬ ವಿಷಯದಲ್ಲಿ ಕಾಯಿದೆಯನ್ನು ಮೌನವಾಗಿಯೇ ಬಿಟ್ಟರು.

ಆ ಮೌನವು ಅನಿವಾರ್ಯವಾಗಿರಲಿಲ್ಲ. ಮತದಾನ ಪದ್ಧತಿಯನ್ನು ಬದಲಿಸುವ ವಿಷಯದಲ್ಲಿ ೨೦೧೧ರ ಮೇ ೫ರಂದು ನಡೆದ ಜನಮತಗಣನೆಯ ಕಾಯಿದೆಯಲ್ಲಿ, ‘ಹೌದು’ ಎಂಬ ಪಕ್ಷ ಗೆದ್ದರೆ ಮಂತ್ರಿಯು ಹೊಸ ಪದ್ಧತಿಯನ್ನು ಜಾರಿಗೆ ತರತಕ್ಕುದೆಂದು ಸ್ಪಷ್ಟವಾಗಿ ಬರೆದಿತ್ತು. ಅದಕ್ಕೂ ಹಿಂದೆ, ೧೯೭೮ರ ಸ್ಕಾಟ್ಲೆಂಡ್ ಕಾಯಿದೆಯಲ್ಲಿ, ಮತದಾರರ ಒಟ್ಟು ಪಟ್ಟಿಯಲ್ಲಿ ಶೇಕಡ ೪೦ರಷ್ಟು ಮಂದಿಯಾದರೂ ಒಪ್ಪದಿದ್ದರೆ ಕಾಯಿದೆಯನ್ನು ರದ್ದುಪಡಿಸುವ ಪ್ರಸ್ತಾವವು ಪಾರ್ಲಿಮೆಂಟಿನ ಮುಂದೆ ಬರಬೇಕೆಂದಿತ್ತು. ೧೯೭೯ರ ಮಾರ್ಚ್ ೧ರಂದು ಬಂದ ಚೀಟಿಗಳಲ್ಲಿ ಶೇಕಡ ೫೧.೬ ಪರವಾಗಿದ್ದರೂ, ಅದು ಒಟ್ಟು ಪಟ್ಟಿಯ ಶೇಕಡ ೩೨.೯ ಮಾತ್ರವೇ ಆದುದರಿಂದ ಆ ಕಾಯಿದೆಯು ರದ್ದಾಯಿತು. ಸೋಲಲ್ಲದ ಸೋಲೆಂದು ಸ್ಕಾಟರು ನೊಂದರು. ಆದರೂ ಆಟದ ನಿಯಮವು ಆಟಕ್ಕೆ ಮೊದಲೇ ಬರೆದಿತ್ತೆಂಬುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ೨೦೧೫ರ ಕಾಯಿದೆಯಲ್ಲಿ ಇಂಥ ನಿಯಮ ಒಂದೂ ಇರಲಿಲ್ಲ.

೨೦೧೬ರ ಜೂನ್ ೨೩ರಂದು ೧,೭೪,೧೦,೭೪೨ ಮಂದಿ ಬಿಡಬೇಕೆಂದರು. ೧,೬೧,೪೧,೨೪೧ ಮಂದಿ ಉಳಿಯಬೇಕೆಂದರು. ಶೇಕಡ ೫೧.೯ಕ್ಕೆ ಎದುರಾಗಿ ೪೮.೧. ಇಂಗ್ಲೆಂಡೂ ವೇಲ್ಸೂ ಬಿಡುವ ಪಕ್ಷ. ಸ್ಕಾಟ್ಲೆಂಡಿನಲ್ಲಿ ಶೇಕಡ ೬೨, ಉತ್ತರ ಐರ್ಲೆಂಡಿನಲ್ಲಿ ಶೇಕಡ ೫೫.೮ ಉಳಿಯುವ ಪಕ್ಷ. ರಾಷ್ಟ್ರವು ಒಂದೇ ಬಾಯಿಂದ ನುಡಿಯಿತೆನ್ನುವುದು ಲಕ್ಷಣೆಯಿಂದ ಮಾತ್ರ ಹೊಂದುವ ಮಾತು.

೩

ವಾಕ್ಯಾರ್ಥದ ವಿಷಯದಲ್ಲಿ ನಮ್ಮ ಮೀಮಾಂಸಕರು ಮಾಡಿದಷ್ಟು ಸೂಕ್ಷ್ಮವಾದ ವಿಚಾರವನ್ನು ಮಾಡಿದವರು ವಿರಳ. ವಿಧಿವಾಕ್ಯವು ಪುರುಷನನ್ನು ಕಾರ್ಯದಲ್ಲಿ ತೊಡಗಿಸಬೇಕಾದರೆ ಮೂರು ಆಕಾಂಕ್ಷೆಗಳು ಪೂರ್ಣವಾಗಬೇಕೆಂದು ಅವರ ಮತ: ಏನನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಹೇಗೆ ಸಾಧಿಸಬೇಕು. ಇವಕ್ಕೆ ಸಾಧ್ಯ, ಸಾಧನ, ಇತಿಕರ್ತವ್ಯತೆ ಎಂದು ಹೆಸರು. ಸ್ವರ್ಗಕಾಮನಿಗೆ ಯಾಗವನ್ನು ವಿಧಿಸಿದಾಗ ಸ್ವರ್ಗವು ಸಾಧ್ಯ, ಯಾಗವು ಸಾಧನ, ಪ್ರಯಾಜಾದಿ ಅಂಗಕರ್ಮಗಳು ಇತಿಕರ್ತವ್ಯತೆ.

ಈ ಅಳತೆಗೋಲನ್ನು ಬ್ರಿಟಿಷ್ ಜನರ ಉತ್ತರಕ್ಕೆ ಹಿಡಿದರೆ ಏನು ಕಾಣುವುದು? ಬಿಡುವುದೆಂಬ ಸಾಧನವೊಂದೇ ಚೀಟಿಯಲ್ಲಿ ಇದೆ. ಸಾಧ್ಯವು ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು: ಒಬ್ಬನಿಗೆ ಪಾರ್ಲಿಮೆಂಟಿನ ಪರಮಾಧಿಕಾರ, ಮತ್ತೊಬ್ಬನಿಗೆ ವಲಸೆಯ ತಡೆ, ಇನ್ನೊಬ್ಬನಿಗೆ ಮೀನುಗಾರಿಕೆಯ ಕಡಲು. ಇತಿಕರ್ತವ್ಯತೆಯಂತೂ ಬರೆದೇ ಇಲ್ಲ. ಸುಂಕದ ಒಕ್ಕೂಟದಲ್ಲಿ ಇರುವುದೋ ಬಿಡುವುದೋ, ಒಂದೇ ಮಾರುಕಟ್ಟೆಯ ನಿಯಮಗಳನ್ನು ಒಪ್ಪುವುದೋ ನಿರಾಕರಿಸುವುದೋ, ೧೯೯೮ರ ಒಪ್ಪಂದದಿಂದ ಶಾಂತಿ ಕಂಡಿದ್ದ ಐರ್ಲೆಂಡಿನ ಗಡಿಯಲ್ಲಿ ಮತ್ತೆ ಸುಂಕದ ಕಟ್ಟೆ ಏಳುವುದೋ ಇಲ್ಲವೋ, ಇವೊಂದಕ್ಕೂ ಚೀಟಿಯಲ್ಲಿ ಉತ್ತರವಿರಲಿಲ್ಲ. ಆ ವರ್ಷದ ಜುಲೈ ತಿಂಗಳಲ್ಲಿ ಪ್ರಧಾನಿಯಾದ ಥೆರೇಸಾ ಮೇ ಅವರು ಬ್ರೆಕ್ಸಿಟ್ ಎಂದರೆ ಬ್ರೆಕ್ಸಿಟ್ ಎಂದು ಸಾರಿದರು. ಲಕ್ಷ್ಯವನ್ನೇ ಲಕ್ಷಣವಾಗಿ ಹೇಳುವುದು ಆತ್ಮಾಶ್ರಯದೋಷವೆಂದು ತರ್ಕದ ಮೊದಲ ಪಾಠದಲ್ಲಿಯೇ ನಾವು ಕಲಿಯುತ್ತೇವೆ. ರಾಜಕಾರಣದಲ್ಲಿ ಆ ದೋಷವೇ ಗುಣವಾಯಿತು. ಸಾಧ್ಯ ಬೇರೆಬೇರೆಯಾಗಿದ್ದವರೆಲ್ಲ ಆ ಮಾತಿನಲ್ಲಿ ತಮ್ಮತಮ್ಮ ಸಾಧ್ಯವನ್ನೇ ಕಂಡರು.

೪

ಹೀಗಿರಲು, ಅಪೂರ್ಣವಾದ ಈ ವಾಕ್ಯವನ್ನು ಸರಕಾರವು ತಳ್ಳಿಬಿಡಬಹುದಾಗಿತ್ತೆಂದು ವಾದಿಸಿದವರುಂಟು. ಅವರ ಪೂರ್ವಪಕ್ಷವು ದುರ್ಬಲವಲ್ಲ. ೨೦೧೭ರ ಜನವರಿ ೨೪ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಸ್ಥಾನವು, ಎಂಟು ಮಂದಿ ನ್ಯಾಯಾಧೀಶರ ಒಮ್ಮತಕ್ಕೆ ಮೂವರು ಭಿನ್ನರಾಗಿ, ಜನಮತಗಣನೆಯ ರಾಜಕೀಯ ಮಹತ್ವ ಎಷ್ಟೇ ಇದ್ದರೂ ಕಾನೂನನ್ನು ಬದಲಿಸತಕ್ಕುದು ಪಾರ್ಲಿಮೆಂಟೇ ಎಂದು ತೀರ್ಪಿತ್ತಿತು. ೨೦೧೮ರ ಡಿಸೆಂಬರ್ ೧೦ರಂದು ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ನ್ಯಾಯಸ್ಥಾನವು, ಹೊರಡುತ್ತೇವೆಂದು ಕೊಟ್ಟ ಸೂಚನೆಯನ್ನು ಬ್ರಿಟನ್ ತಾನೊಂದೇ ಹಿಂತೆಗೆಯಬಹುದು, ಆದರೆ ಅದು ಪ್ರಜಾಪ್ರಭುತ್ವದ ಕ್ರಮವನ್ನು ಅನುಸರಿಸಿ, ನಿಸ್ಸಂದಿಗ್ಧವಾಗಿಯೂ ನಿರುಪಾಧಿಕವಾಗಿಯೂ ಇರಬೇಕು ಎಂದು ಹೇಳಿತು. ಇದಕ್ಕೆ ಎಡ್ಮಂಡ್ ಬರ್ಕನ ಆಪ್ತವಾಕ್ಯವೂ ಸೇರುವುದು. ೧೭೭೪ರಲ್ಲಿ ಬ್ರಿಸ್ಟಲಿನ ಮತದಾರರ ಮುಂದೆ ಅವನು ಮಾಡಿದ ಭಾಷಣವನ್ನು ನಮ್ಮ ಕಾಲೇಜುಗಳಲ್ಲಿ ಓದಿದವರಿಗೆ, ಪ್ರತಿನಿಧಿಯು ತನ್ನ ವಿವೇಕವನ್ನು ಮತದಾರರ ಅಭಿಪ್ರಾಯಕ್ಕೆ ಬಲಿಗೊಡಬಾರದೆಂಬ ಅವನ ನಿಲುವು ತಿಳಿದೇ ಇದೆ.

ಆದರೂ ಈ ಪೂರ್ವಪಕ್ಷವು ಶಕ್ತಿಯನ್ನೂ ಅಧಿಕಾರವನ್ನೂ ಒಂದಾಗಿ ಎಣಿಸುವುದು. ಪಾರ್ಲಿಮೆಂಟಿಗೆ ಹಾಗೆ ಮಾಡುವ ಶಕ್ತಿಯಿತ್ತು, ಸಂದೇಹವಿಲ್ಲ. ಬರ್ಕನ ನ್ಯಾಯವಾದರೋ ಪ್ರಶ್ನೆಯನ್ನು ಪ್ರತಿನಿಧಿಯು ತನ್ನ ಕೈಯಲ್ಲಿ ಇಟ್ಟುಕೊಂಡಾಗ ಹೊಂದುವುದು. ಇಲ್ಲಿ ಪ್ರತಿನಿಧಿಗಳೇ ಕಾಯಿದೆ ಮಾಡಿ ಪ್ರಶ್ನೆಯನ್ನು ಜನರ ಕೈಗೆ ಕೊಟ್ಟಿದ್ದರು. ಅಷ್ಟೇ ಅಲ್ಲದೆ, ೨೦೧೬ರ ಏಪ್ರಿಲಿನಲ್ಲಿ ಸರಕಾರವು ೯೩ ಲಕ್ಷ ಪೌಂಡು ವೆಚ್ಚಮಾಡಿ, ಸುಮಾರು ೨ ಕೋಟಿ ೭೦ ಲಕ್ಷ ಮನೆಗಳಿಗೆ ಕರಪತ್ರವನ್ನು ಹಂಚಿತ್ತು. ಉಳಿಯುವುದೇ ಮೇಲೆಂದು ಬೋಧಿಸುವುದು ಅದರ ಉದ್ದೇಶ. ಅದರಲ್ಲಿಯೇ, ಜನರು ನಿರ್ಣಯಿಸಿದುದನ್ನು ಸರಕಾರವು ನೆರವೇರಿಸುವುದೆಂಬ ವಾಗ್ದಾನವೂ ಇತ್ತು. ಕಾಯಿದೆಯು ಮೌನವಾಗಿದ್ದ ಕಡೆ ಕರಪತ್ರವು ಮಾತನಾಡಿತು. ಕಾನೂನಿನ ದೃಷ್ಟಿಗೆ ಅದು ಅರ್ಥವಾದವಿರಬಹುದು. ಓದಿದವನಿಗೆ ಅದು ಕೊಟ್ಟ ಮಾತು.

ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಓದಿದ ನಮಗೆ ಕೊಟ್ಟ ಮಾತಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೆ ಅಲ್ಲೊಂದು ಭೇದವನ್ನು ಗಮನಿಸಬೇಕು. ಹರಿಶ್ಚಂದ್ರನು ತನ್ನ ಮಾತಿಗೆ ತಾನೇ ರಾಜ್ಯವನ್ನು ತೆತ್ತನು, ತಾನೇ ಸುಡುಗಾಡನ್ನು ಕಾಯ್ದನು. ಮಂತ್ರಿಮಂಡಲವು ಕೊಡುವ ಮಾತಿನ ಬೆಲೆಯನ್ನು ತೆರುವವರು ಬೇರೆ ಜನ, ಬಹಳವಾಗಿ ಮುಂದಿನ ತಲೆಮಾರಿನವರು. ಕರಪತ್ರ ಹಂಚಿದ ಪ್ರಧಾನಿ ಡೇವಿಡ್ ಕ್ಯಾಮರನ್ ಅವರು ಫಲಿತಾಂಶ ಬಂದ ಬೆಳಗ್ಗೆಯೇ ಪದವಿ ಬಿಡುವುದಾಗಿ ಹೇಳಿದರು. ಆದಕಾರಣ ರಾಜ್ಯದ ಮಾತು ಎಂದೆಂದಿಗೂ ಮುರಿಯಬಾರದೆಂದು ನಾವು ವಿಧಿಸಲಾರೆವು. ಕೊಟ್ಟವನು ತನ್ನನ್ನು ತಾನೇ ಮಾತಿನಿಂದ ಬಿಡಿಸಿಕೊಳ್ಳಲಾಗದು, ಪಡೆದವನು ಬಿಡಿಸಬಹುದು ಎಂಬ ಲೋಕನ್ಯಾಯವನ್ನಷ್ಟೇ ಹೇಳಬಹುದು. ಸಾಲಗಾರನು ತನ್ನ ಸಾಲವನ್ನು ತಾನೇ ಮನ್ನಾ ಮಾಡಿಕೊಳ್ಳುವಂತಿಲ್ಲ.

೫

ಯುರೋಪಿನ ಬೇರೆ ನಿದರ್ಶನಗಳು ಈ ನ್ಯಾಯವನ್ನು ಪರೀಕ್ಷಿಸಲು ನೆರವಾಗುವುವು. ೧೯೯೨ರ ಜೂನ್ ೨ರಂದು ಡೆನ್ಮಾರ್ಕಿನವರು ಶೇಕಡ ೫೦.೭ರಿಂದ ಮಾಸ್ಟ್ರಿಕ್ಟ್ ಒಪ್ಪಂದವನ್ನು ತಿರಸ್ಕರಿಸಿದರು. ಅವರ ಸರಕಾರವು ನಾಣ್ಯ, ರಕ್ಷಣೆ ಮೊದಲಾದ ವಿಷಯಗಳಲ್ಲಿ ವಿನಾಯಿತಿಗಳನ್ನು ಪಡೆದು, ಬದಲಾದ ಪಾಠವನ್ನು ಮತ್ತೆ ಜನರ ಮುಂದಿಟ್ಟಿತು. ೧೯೯೩ರ ಮೇ ೧೮ರಂದು ಶೇಕಡ ೫೬.೭ ಒಪ್ಪಿದರು. ಐರ್ಲೆಂಡು ೨೦೦೮ರ ಜೂನಿನಲ್ಲಿ ಶೇಕಡ ೫೩.೪ರಿಂದ ಲಿಸ್ಬನ್ ಒಪ್ಪಂದವನ್ನು ಬೇಡವೆಂದು, ಭರವಸೆಗಳನ್ನು ಪಡೆದಮೇಲೆ ೨೦೦೯ರ ಅಕ್ಟೋಬರಿನಲ್ಲಿ ಶೇಕಡ ೬೭.೧ರಿಂದ ಬೇಕೆಂದಿತು. ಬೇಕಾದ ಉತ್ತರ ಬರುವವರೆಗೆ ಕೇಳುತ್ತಲೇ ಇರುವುದು ಇದರ ಅರ್ಥವೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೂ ಪಾಠ ಬದಲಾದುದೂ, ಮತ್ತೆ ಕೇಳಿದ್ದು ಅದೇ ಜನರನ್ನೆಂಬುದೂ ನಿಜ.

ಗ್ರೀಸಿನ ಕಥೆ ಬೇರೆ. ೨೦೧೫ರ ಜುಲೈ ೫ರಂದು ಶೇಕಡ ೬೧.೩ ಮಂದಿ ಸಾಲದಾತರ ಷರತ್ತುಗಳನ್ನು ಬೇಡವೆಂದರು. ಬೇಡವೆನ್ನಿರೆಂದು ಕರೆಕೊಟ್ಟಿದ್ದ ಸರಕಾರವೇ ಜುಲೈ ೧೩ರಂದು ಕಠಿನವಾದ ಷರತ್ತುಗಳಿಗೆ ಒಪ್ಪಿತು. ಸೆಪ್ಟೆಂಬರಿನ ಚುನಾವಣೆಯಲ್ಲಿ ಜನರು ಆ ಪಕ್ಷವನ್ನೇ ಮತ್ತೆ ಆರಿಸಿದರು. ಇಲ್ಲಿಯೂ ಬಿಡುಗಡೆಯನ್ನು ಜನರೇ ಕೊಟ್ಟರೆನ್ನಬಹುದು. ಆದರೆ ಮಾತು ಮುರಿದ ಮೇಲೆ ಕೊಟ್ಟರು.

ಎಲ್ಲಕ್ಕಿಂತ ಮನನೀಯವಾದುದು ಬೆಲ್ಜಿಯಮ್ಮಿನ ನಿದರ್ಶನ. ಯುದ್ಧಕಾಲದ ನಡತೆಗಾಗಿ ನಿಂದೆಗೊಳಗಾಗಿದ್ದ ಮೂರನೆಯ ಲಿಯೊಪೋಲ್ಡ್ ದೊರೆಯು ಹಿಂದಿರುಗಬೇಕೆಂದು ೧೯೫೦ರ ಮಾರ್ಚ್ ೧೨ರಂದು ಶೇಕಡ ೫೭.೭ ಮಂದಿ ಹೇಳಿದರು. ಫ್ಲೆಮಿಷ್ ನಾಡಿನಲ್ಲಿ ಬೇಕೆಂದವರು ಶೇಕಡ ೭೨. ಫ್ರೆಂಚ್ ನುಡಿಯ ವಲೋನಿಯದಲ್ಲಿ ೪೨ ಮಾತ್ರ. ಜುಲೈ ೨೨ರಂದು ದೊರೆ ಬಂದನು, ಮುಷ್ಕರಗಳೆದ್ದುವು, ಗುಂಡು ಹಾರಿ ಜನ ಸತ್ತರು, ಆಗಸ್ಟ್ ೧ರಂದು ದೊರೆಯು ಮಗ ಬೋದುವೆನನಿಗೆ ಅಧಿಕಾರವನ್ನು ಬಿಡಲು ಒಪ್ಪಿದನು. ಗೆದ್ದವನೇ ತನ್ನ ಗೆಲವನ್ನು ಬಿಟ್ಟುಕೊಟ್ಟನು. ಎಣಿಕೆಯಲ್ಲಿ ಬಹುಮತವಾದುದು ಭಾಷೆಯಿಂದ ಒಡೆದ ನಾಡಿನಲ್ಲಿ ರಾಷ್ಟ್ರಮತವಾಗದೆ ಹೋಗಬಹುದೆಂಬುದಕ್ಕೆ ಇದಕ್ಕಿಂತ ದಾರುಣವಾದ ಸಾಕ್ಷ್ಯವು ಬೇಡ.

೬

ಮತ್ತೆ ಬ್ರಿಟನ್ನಿಗೆ ಬರೋಣ. ಇತಿಕರ್ತವ್ಯತೆಯನ್ನು ತುಂಬುವ ಕೆಲಸ ಪಾರ್ಲಿಮೆಂಟಿನ ಮೇಲೆ ಬಿದ್ದಿತು. ೨೦೧೭ರ ಫೆಬ್ರವರಿ ೧ರಂದು ೪೯೮ ಮಂದಿ, ೧೧೪ ಮಂದಿಯ ಎದುರಾಗಿ, ಹೊರಡುವ ಸೂಚನೆ ಕೊಡುವ ಮಸೂದೆಯನ್ನು ಒಪ್ಪಿದರು. ಆದರೆ ಹೇಗೆ ಹೊರಡುವುದೆಂಬ ಒಪ್ಪಂದವನ್ನು ೨೦೧೯ರ ಜನವರಿ ೧೫ರಂದು ೪೩೨ ಮಂದಿ, ೨೦೨ರ ಎದುರಾಗಿ, ತಳ್ಳಿದರು. ಏಪ್ರಿಲ್ ೧ರಂದು ಸುಂಕದ ಒಕ್ಕೂಟವೆಂಬ ಮಾರ್ಗವು ೨೭೩ಕ್ಕೆ ೨೭೬ರಿಂದ, ಒಪ್ಪಂದವನ್ನು ಮತ್ತೆ ಜನರ ಮುಂದಿಡಬೇಕೆಂಬುದು ೨೮೦ಕ್ಕೆ ೨೯೨ರಿಂದ, ಒಪ್ಪಂದವಿಲ್ಲದೆ ಹೊರಬೀಳುವ ಗತಿ ಬಂದರೆ ಸೂಚನೆಯನ್ನೇ ಹಿಂತೆಗೆಯಲು ದಾರಿಮಾಡಬೇಕೆಂಬುದು ೧೯೧ಕ್ಕೆ ೨೯೨ರಿಂದ ಬಿದ್ದುಹೋದುವು. ಹಿಂತೆಗೆಯಬೇಕೆಂದು ೬೦ ಲಕ್ಷಕ್ಕೆ ಮೀರಿದ ಜನ ಮನವಿಗೆ ಸಹಿಮಾಡಿದ್ದರೂ ಸರಕಾರವು ಒಪ್ಪಲಿಲ್ಲ. ಡಿಸೆಂಬರಿನ ಚುನಾವಣೆಯಲ್ಲಿ, ತಮಗೆ ಬಹುಮತ ಬಂದರೆ ಮತ್ತೆ ಕೇಳದೆಯೇ ಸೂಚನೆಯನ್ನು ಹಿಂತೆಗೆಯುವೆವೆಂದ ಲಿಬರಲ್ ಡೆಮೊಕ್ರಾಟರಿಗೆ ೧೧ ಸ್ಥಾನಗಳು ಸಿಕ್ಕಿದುವು. ಹೊರಡುವುದನ್ನು ಮುಗಿಸುವೆವೆಂದ ಕನ್ಸರ್ವೇಟಿವರಿಗೆ ೩೬೫. ೨೦೨೦ರ ಜನವರಿ ೩೧ರ ರಾತ್ರಿ ಬ್ರಿಟನ್ ಹೊರಬಂದಿತು. ಅಲ್ಲಿಗೆ ಹಿಂತೆಗೆಯುವ ಬಾಗಿಲು ಮುಚ್ಚಿತು. ಇನ್ನು ಉಳಿದಿರುವುದು ಹೊಸದಾಗಿ ಅರ್ಜಿ ಹಾಕಿ ಸೇರುವ ದಾರಿ ಮಾತ್ರ.

ಈ ಇತಿಹಾಸದಿಂದ ನಮಗೆ ತೋರುವ ಸಿದ್ಧಾಂತವಿಷ್ಟು. ಸರಕಾರವು ತಾನೇ ಫಲಿತಾಂಶವನ್ನು ಹಿಂತೆಗೆದಿದ್ದರೆ ಅದು ಶಕ್ತಿಯ ಪ್ರಯೋಗವಾಗುತ್ತಿತ್ತು, ಅಧಿಕಾರದ್ದಲ್ಲ. ಆದರೆ ಇತಿಕರ್ತವ್ಯತೆ ಸಿದ್ಧವಾದ ಮೇಲೆ, ಎಂದರೆ ಒಪ್ಪಂದದ ಪಾಠವು ಕೈಗೆ ಬಂದಮೇಲೆ, ಅದನ್ನು ಜನರ ಮುಂದಿಡುವುದು ಮೊದಲ ಉತ್ತರದ ತಿರಸ್ಕಾರವಾಗುತ್ತಿರಲಿಲ್ಲ. ಅರ್ಧದಲ್ಲಿ ನಿಂತ ವಾಕ್ಯವನ್ನು ನುಡಿದವರಿಂದಲೇ ಪೂರ್ಣಮಾಡಿಸಿದಂತೆ ಆಗುತ್ತಿತ್ತು. ೧೯೭೫ರ ಜೂನ್ ೫ರಂದು ಶೇಕಡ ೬೭.೨ರಿಂದ ಉಳಿಯುವೆವೆಂದಿದ್ದ ಜನರೇ ೪೧ ವರ್ಷಗಳ ಮೇಲೆ ಬಿಡುವೆವೆಂದರಲ್ಲವೇ? ಜನರು ತಮ್ಮ ಮಾತನ್ನು ತಾವು ತಿದ್ದಬಹುದೆಂಬುದನ್ನು ಬಿಡುವ ಪಕ್ಷದವರೇ ತಮ್ಮ ಗೆಲವಿನಿಂದ ಸ್ಥಾಪಿಸಿದರು. ಇನ್ನೊಂದು ಪಕ್ಷದ ದೋಷವನ್ನೂ ಮರೆಮಾಡಬಾರದು: ಮರುವಿಚಾರವನ್ನು ಬೇಡಿದವರಲ್ಲಿ ಬಹುಮಂದಿ ಸೋತಮೇಲೆಯೇ ವಾಕ್ಯದ ಅಪೂರ್ಣತೆಯನ್ನು ಕಂಡರು. ಸೋತವನು ಹುಡುಕುವ ಪಾಠಾಂತರವನ್ನು ಸಂದೇಹದಿಂದ ನೋಡುವುದು ಸಹಜ. ಆದಕಾರಣ ಇತಿಕರ್ತವ್ಯತೆಯನ್ನೂ, ಎಷ್ಟು ಮಂದಿ ಹೇಳಿದರೆ ಅದು ರಾಷ್ಟ್ರದ ಮಾತೆಂಬುದನ್ನೂ, ಪ್ರಶ್ನೆಯನ್ನು ಕೇಳುವ ಮೊದಲೇ ಬರೆದಿಡಬೇಕು.

‘ಜನಾದೇಶ’ ಎಂಬ ಶಬ್ದವನ್ನು ನಮ್ಮ ಪತ್ರಿಕೆಗಳು ಪ್ರತಿ ಚುನಾವಣೆಯಲ್ಲಿಯೂ ಸುಲಭವಾಗಿ ಬಳಸುತ್ತವೆ. ಆದೇಶವು ಪೂರ್ಣವಾಗಿ ನುಡಿದ ಮಾತು. ಮತವು ಇನ್ನೂ ನುಡಿಯುತ್ತಿರುವ ಮಾತು. ಈ ಎರಡರ ಅಂತರವನ್ನು ವಿದ್ಯಾರ್ಥಿಗಳಿಗೆ ತಿಳಿಯಹೇಳುವುದು ಭಾಷೆಯನ್ನು ಕಲಿಸುವವರ ಕರ್ತವ್ಯ. ಅರ್ಧ ನುಡಿದ ಮಾತಿಗೆ ಉಳಿದರ್ಧವನ್ನು ಮಂತ್ರಿಮಂಡಲವೇ ಸೇರಿಸಿ, ಇದೇ ಜನರ ಅಪ್ಪಣೆಯೆಂದು ಹೇಳಿದಾಗ, ಆ ಸೇರ್ಪಡೆ ಎಲ್ಲಿಂದ ಮೊದಲಾಯಿತೆಂದು ಬೆರಳಿಟ್ಟು ತೋರಿಸುವವರು ನಾಡಿನಲ್ಲಿ ಇರಬೇಕಾಗುತ್ತದೆ.