ಕಾಣುವ ಬಾಣಸಿಗ, ಕಾಣದ ಕೈ

ಜಪಾನಿನ ಅಡುಗೆ ನೈರೋಬಿಗೆ ಎರಡು ದಾರಿಯಲ್ಲಿ ಬಂದಿದೆ. ಒಂದು ವೆಸ್ಟ್‌ಲ್ಯಾಂಡ್ಸ್‌ನ ಫುರುಸಾಟೊದಂಥ ಹೋಟೆಲುಗಳ ದಾರಿ, ಇನ್ನೊಂದು ನಮ್ಮ ಮಕ್ಕಳು ನೋಡುವ ಸಿನಿಮಾಗಳ ದಾರಿ. ‘ಫುರುಸಾಟೊ’ ಎಂದರೆ ಜಪಾನಿ ಭಾಷೆಯಲ್ಲಿ ಹುಟ್ಟೂರು. ಅಲ್ಲಿಂದ ಮನೆಗೆ ಬರುವಾಗ ಕಾರಿನಲ್ಲಿ ನನ್ನ ಮಗಳು ಕೇಳಿದಳು: “ಅಮ್ಮಾ, ಸುಶಿ ಮಾಡುವವರ ಮೇಲೆ ಸಿನಿಮಾ ಇದೆ. ನಮ್ಮ ಇಡ್ಲಿ ಮಾಡುವವರ ಮೇಲೆ ಯಾಕಿಲ್ಲ?” ಉತ್ತರ ಹುಡುಕಲು ಎರಡು ಚಿತ್ರಗಳನ್ನು ಮತ್ತೆ ನೋಡಿದೆ.

ಮೊದಲನೆಯದು ಅಮೆರಿಕದ ಡೇವಿಡ್ ಗೆಲ್ಬ್ ನಿರ್ದೇಶಿಸಿದ 2011ರ ಸಾಕ್ಷ್ಯಚಿತ್ರ ‘ಜಿರೋ ಡ್ರೀಮ್ಸ್ ಆಫ್ ಸುಶಿ’. ಟೋಕಿಯೊದ ಗಿಂಜಾ ಬಡಾವಣೆಯ ನೆಲಮಾಳಿಗೆಯಲ್ಲಿ ಬರೀ 10 ಆಸನಗಳ ಅಂಗಡಿ, ಅದರ ಯಜಮಾನರು 85ರ ಜಿರೋ ಒನೊ. ಶಿಷ್ಯನೊಬ್ಬ ಮೊಟ್ಟೆಯ ತಿನಿಸೊಂದನ್ನು 200ಕ್ಕೂ ಹೆಚ್ಚು ಸಲ ಮಾಡಿದ ಮೇಲೆ ಗುರುಗಳ ಒಪ್ಪಿಗೆ ಸಿಕ್ಕಾಗ ಅತ್ತೇಬಿಟ್ಟೆನೆಂದು ಹೇಳುತ್ತಾನೆ. ನನ್ನ ಕಣ್ಣೂ ತುಂಬಿತು. ಆದರೂ ಈ ಚಿತ್ರ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ. ಜಿರೋ ಎಷ್ಟು ದುಡಿದರೆಂದರೆ, ಅಪರೂಪಕ್ಕೆ ಮನೆಯಲ್ಲಿ ಮಲಗಿದ್ದ ಅಪ್ಪನನ್ನು ಮಕ್ಕಳು ಯಾರೋ ಅಪರಿಚಿತ ಎಂದುಕೊಂಡರಂತೆ. ಹಾಗಾದರೆ ಆ ಮಕ್ಕಳಿಗೆ ದಿನವೂ ಬಡಿಸಿದವರು ಯಾರು? ಅವರ ಮಾತು ನಮಗೆ ಕೇಳಿಸುವುದೇ ಇಲ್ಲ.

ಎರಡನೆಯದು ಜುಜೋ ಇತಾಮಿ ಅವರ 1985ರ ‘ತಂಪೊಪೊ’. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಲಾರಿ ಚಾಲಕನ ನೆರವಿನಿಂದ ಒಳ್ಳೆಯ ರಾಮೆನ್ ಮಾಡಲು ಕಲಿಯುವ ಹಾಸ್ಯಚಿತ್ರ. ಇಲ್ಲಿ ಅಡುಗೆಯವಳೇ ನಾಯಕಿ. ಮೂಲ ಕಥೆಗೆ ಸಂಬಂಧವಿಲ್ಲದ ಒಂದು ದೃಶ್ಯವೂ ಇದರಲ್ಲಿದೆ. ಸಾಯುತ್ತಿರುವ ತಾಯಿಯೊಬ್ಬಳು ಗಂಡನ ಮಾತಿಗೆ ಎದ್ದು, ಅನ್ನ ಹುರಿದು ಬಡಿಸಿ, ಅಲ್ಲೇ ಪ್ರಾಣ ಬಿಡುತ್ತಾಳೆ. ಬಿಸಿ ಆರುವ ಮೊದಲು ಉಣ್ಣಿರೆಂದು ತಂದೆ ಮಕ್ಕಳಿಗೆ ಕೂಗಿ ಹೇಳುತ್ತಾನೆ. ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಉಂಡವರ ಋಣವನ್ನು ಈ ಚಿತ್ರ ಮರೆಮಾಡುವುದಿಲ್ಲ. ಆದ್ದರಿಂದಲೇ ಇದು ನನಗೆ ಹೆಚ್ಚಿನ ಚಿತ್ರ.

ರಾಮೆನ್ ಮೂಲತಃ ಚೀನಾದಿಂದ ಬಂದದ್ದು. ಜಪಾನೀಯರು ಅದನ್ನು ತಮ್ಮದಾಗಿಸಿಕೊಂಡರು. ಕೀನ್ಯಾದಲ್ಲಿ ಚಪಾತಿಯ ಕಥೆಯೂ ಹಾಗೆಯೇ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಳಿ ಹಾಕಲು ಭಾರತದಿಂದ 30,000ಕ್ಕೂ ಹೆಚ್ಚು ಕೂಲಿಗಳು ಬಂದರು, ವ್ಯಾಪಾರಿಗಳೂ ಬಂದರು. ಭಾರತದಿಂದ ಬಂದ ಚಪಾತಿ ಇಲ್ಲಿ ಮೈದಾ ಹಿಟ್ಟಿನದಾಯಿತು. ಎಣ್ಣೆ ಸವರಿ, ಸುರುಳಿ ಸುತ್ತಿ, ಲಟ್ಟಿಸಿ, ನಮ್ಮ ಪರೋಟಕ್ಕೆ ಹತ್ತಿರವಾಯಿತು. ಹುಡುಗರ ಬಾಯಲ್ಲಿ ಅದು ‘ಚಾಪೊ’. ಎಷ್ಟೋ ಮನೆಗಳಲ್ಲಿ ಅದಿಲ್ಲದೆ ಕ್ರಿಸ್ಮಸ್ ಇಲ್ಲ. “ಇದು ನಮ್ಮದು” ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅದನ್ನು ಈ ನಾಡಿನದಾಗಿಸಿದ್ದು ಇಲ್ಲಿಯವರ ಕೈ. ಆ ಕೈಗಳನ್ನು ನಾವು ನೋಡಿದ್ದೇವೆಯೇ?

ನನ್ನ ಮಟ್ಟಿಗೆ ಉತ್ತರ ನಾಚಿಕೆಯದು. ನಮ್ಮ ಅಡುಗೆಮನೆಯಲ್ಲಿ 12 ವರ್ಷದಿಂದ ದುಡಿಯುತ್ತಿರುವವರು ಮಚಾಕೋಸ್ ಕಡೆಯ ಹೆಂಗಸು. ಇಡ್ಲಿ ಹಿಟ್ಟು ನೈರೋಬಿಯ ಜುಲೈ ಚಳಿಯಲ್ಲಿ ಹುದುಗು ಬರಲು ಎಷ್ಟು ಹೊತ್ತು ಬೇಕೆಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಕಳೆದ ಯುಗಾದಿಗೆ ಸಂಘಕ್ಕೆ ತಂದ ಒಬ್ಬಟ್ಟಿನ ಕಣಕ ನಾದಿ, ಹೂರಣ ತುಂಬಿ, ತಟ್ಟಿ ಬೇಯಿಸಿದವರು ಅವರೇ. ನೀವೆಲ್ಲ ಹೊಗಳಿದಿರಿ. ನಾನು “ಅಯ್ಯೋ, ಏನು ಮಹಾ!” ಎಂದು ಹೊಗಳಿಕೆಯನ್ನು ನನ್ನದಾಗಿಸಿಕೊಂಡೆ. ಪಕ್ಕದಲ್ಲಿದ್ದ ಮಗಳು ನನ್ನ ಮುಖ ನೋಡಿದಳು.

ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟೇ: ಸಿನಿಮಾ ಆಮೇಲೆ ಬರುತ್ತದೆ, ಮಾಡಿದವರ ಹೆಸರು ಹೇಳುವ ರೂಢಿ ಮೊದಲು ಬರಬೇಕು. ಮುಂದಿನ ಯುಗಾದಿಯ ಊಟದ ಪಟ್ಟಿಯಲ್ಲಿ ಒಬ್ಬಟ್ಟಿನ ಮುಂದೆ ಅವರ ಹೆಸರು ಹಾಕಬೇಕೆಂದು ಸಮಿತಿಯನ್ನು ಕೇಳಿಕೊಂಡಿದ್ದೇನೆ. ಅವರನ್ನೂ ಕೇಳಿದೆ. ನಕ್ಕು, ಹೆಸರಿನ ಕಾಗುಣಿತ ತಪ್ಪಾಗದಂತೆ ನೋಡಿಕೊಳ್ಳಿ ಎಂದರು.