ತಿರುಗುಬಾಗಿಲಿನ ನೀತಿ: ಒಂದು ವಿಮರ್ಶೆ

ಸರಕಾರದ ಉನ್ನತ ಸ್ಥಾನದಲ್ಲಿದ್ದು ಒಂದು ಉದ್ಯಮವನ್ನು ನಿಯಂತ್ರಿಸುತ್ತಿದ್ದವರು ಆ ಸ್ಥಾನವನ್ನು ಬಿಟ್ಟು ಅದೇ ಉದ್ಯಮದ ಸಂಬಳಕ್ಕೆ ಸೇರುವುದು, ಅನಂತರ ತಮ್ಮ ಹಳೆಯ ಕಚೇರಿಗೆ ಆ ಉದ್ಯಮದ ಪರವಾಗಿ ವಶೀಲಿ ಹೇಳಲು ಮರಳಿ ಬರುವುದು, ಇದನ್ನು ಅಮೆರಿಕದವರು ತಿರುಗುಬಾಗಿಲು ಎಂದು ಕರೆಯುತ್ತಾರೆ. ಹೆಸರು ಯಥಾರ್ಥವಾಗಿದೆ. ಅಂಥ ಬಾಗಿಲಿನಲ್ಲಿ ಒಳಗೆ ಹೋಗುವವನೂ ಹೊರಗೆ ಬರುವವನೂ ಒಂದೇ ಚಕ್ರವನ್ನು ತಳ್ಳುತ್ತಿರುತ್ತಾರೆ. ಬಾಗಿಲು ಎಂದೂ ಪೂರ್ತಿ ತೆರೆದಿರುವುದಿಲ್ಲ, ಎಂದೂ ಪೂರ್ತಿ ಮುಚ್ಚಿರುವುದಿಲ್ಲ.

ಇದು ಲಂಚವಲ್ಲ. ಲಂಚವಾಗಿದ್ದರೆ ಅದನ್ನು ಖಂಡಿಸಲು ಲೇಖನವೇ ಬೇಕಾಗಿರಲಿಲ್ಲ. ಬಹುಪಾಲು ಪ್ರಸಂಗಗಳಲ್ಲಿ ಇದು ಕಾಯಿದೆಗೆ ಒಳಪಟ್ಟೇ ನಡೆಯುತ್ತದೆ. ಕಾಯಿದೆಗೆ ಒಳಪಟ್ಟದ್ದೆಲ್ಲ ನ್ಯಾಯಕ್ಕೂ ಒಳಪಟ್ಟಿದೆಯೇ ಎಂಬುದೇ ಇಲ್ಲಿ ವಿಚಾರಣೀಯವಾದ ಪ್ರಶ್ನೆ. ಅಮೆರಿಕದಲ್ಲಿ ಹೆಚ್ಚುಕಡಿಮೆ ಏಕಕಾಲದಲ್ಲಿ ನಡೆದ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಪ್ರಶ್ನೆಯ ಆಳ ತಿಳಿಯುತ್ತದೆ.

ಮೊದಲನೆಯದು ವಿಮಾನ ಖರೀದಿಯದು. ಡಾರ್ಲೀನ್ ಡ್ರೂಯನ್ ಎಂಬಾಕೆ ಅಮೆರಿಕದ ವಾಯುಪಡೆಯಲ್ಲಿ ಖರೀದಿ ವಿಭಾಗದ ಅತಿ ಪ್ರಭಾವಶಾಲಿ ಅಧಿಕಾರಿಯಾಗಿದ್ದರು. ಆಕಾಶದಲ್ಲಿಯೇ ಇಂಧನ ತುಂಬಿಸುವ 100 ವಿಮಾನಗಳನ್ನು ಬೋಯಿಂಗ್ ಕಂಪೆನಿಯಿಂದ ಬಾಡಿಗೆಗೆ ಪಡೆಯುವ ಮಾತುಕತೆ ಆಗ ಅವರ ಕೈಯಲ್ಲಿತ್ತು. ಅದೇ ಕಾಲದಲ್ಲಿ, 2002ರ ಅಕ್ಟೋಬರಿನಲ್ಲಿ, ಆ ಕಂಪೆನಿಯ ಹಣಕಾಸು ಮುಖ್ಯಸ್ಥ ಮೈಕೆಲ್ ಸಿಯರ್ಸ್ ಅವರೊಡನೆ ತಮ್ಮ ಮುಂದಿನ ನೌಕರಿಯ ವಿಷಯವನ್ನು ಆಕೆ ಮಾತನಾಡಿದರು. ಆಕೆಯ ಮಗಳಿಗೂ ಭಾವೀ ಅಳಿಯನಿಗೂ ಅದಕ್ಕೆ ಮೊದಲೇ ಅದೇ ಕಂಪೆನಿಯಲ್ಲಿ ಕೆಲಸ ದೊರೆತಿತ್ತು. ಆಕೆ ನಿವೃತ್ತರಾಗಿ 2003ರ ಜನವರಿಯಲ್ಲಿ ಬೋಯಿಂಗ್ ಸೇರಿದರು. ಸಂಗತಿ ಹೊರಬಿದ್ದು ಆ ವರ್ಷದ ನವೆಂಬರಿನಲ್ಲಿ ಕಂಪೆನಿ ಇಬ್ಬರನ್ನೂ ತೆಗೆದುಹಾಕಿತು. ಮರುತಿಂಗಳು ಕಂಪೆನಿಯ ಮುಖ್ಯಸ್ಥರೇ ರಾಜೀನಾಮೆಯಿತ್ತರು. 2004ರ ಅಕ್ಟೋಬರಿನಲ್ಲಿ ನ್ಯಾಯಾಲಯವು ಆಕೆಗೆ 9 ತಿಂಗಳ ಸೆರೆವಾಸ ವಿಧಿಸಿತು. ವಿಮಾನಗಳಿಗೆ ತಾನು ಯುಕ್ತವೆಂದು ಭಾವಿಸಿದ್ದಕ್ಕಿಂತ ಹೆಚ್ಚಿನ ಬೆಲೆಗೆ ಒಪ್ಪಿದ್ದು, ಬೀಳ್ಕೊಡುವಾಗ ಕಂಪೆನಿಗೆ ಕೊಟ್ಟ ಉಡುಗೊರೆಯಂತಿತ್ತು ಎಂದು ಆಕೆ ಒಪ್ಪಿಕೊಂಡರು. ಸಿಯರ್ಸ್ ಅವರಿಗೆ 4 ತಿಂಗಳ ಶಿಕ್ಷೆಯಾಯಿತು. 2006ರಲ್ಲಿ ಬೋಯಿಂಗ್ ಸರಕಾರಕ್ಕೆ 61.5 ಕೋಟಿ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು.

ಇಲ್ಲಿ ಅಪರಾಧ ಸ್ಪಷ್ಟ, ಶಿಕ್ಷೆಯೂ ಸ್ಪಷ್ಟ. ಕೊಳ್ಳುವವರ ಪ್ರತಿನಿಧಿಯಾಗಿ ಕುಳಿತವರು ಮಾರುವವರಿಂದ ಸಂಬಳದ ಮಾತು ಪಡೆದರು. ಪೇಟೆಯ ಭಾಷೆಯಲ್ಲಿ ಹೇಳುವುದಾದರೆ, ಇದು ಎರಡೂ ಕಡೆಯಿಂದ ಗುಟ್ಟಾಗಿ ದಲಾಲಿ ತೆಗೆದುಕೊಂಡಂತೆ. ಅಂಥವನನ್ನು ಯಾವ ಪೇಟೆಯೂ ಉಳಿಸಿಕೊಳ್ಳುವುದಿಲ್ಲ.

ಎರಡನೆಯ ಪ್ರಕರಣ ಔಷಧಗಳದು. ಅಮೆರಿಕದಲ್ಲಿ 65 ವರ್ಷ ಮೀರಿದವರ ವೈದ್ಯಕೀಯ ವೆಚ್ಚವನ್ನು ಭರಿಸುವ ಮೆಡಿಕೇರ್ ಎಂಬ ಸರಕಾರಿ ವ್ಯವಸ್ಥೆಯಿದೆ. ಮನೆಯಲ್ಲಿ ಸೇವಿಸುವ ಔಷಧಗಳ ಖರ್ಚನ್ನೂ ಅದಕ್ಕೆ ಸೇರಿಸುವ ಮಸೂದೆ 2003ರಲ್ಲಿ ಬಂದಿತು. ಉದ್ದೇಶ ಪ್ರಶಂಸನೀಯವೇ. ಆದರೆ ಆ ಕಾಯಿದೆಯೊಳಗೆ ಒಂದು ವಿಧಿ ಸೇರಿಕೊಂಡಿತು: ಔಷಧ ತಯಾರಕರಿಗೂ ವಿಮಾ ಯೋಜನೆಗಳಿಗೂ ನಡುವೆ ನಡೆಯುವ ಬೆಲೆಯ ಚೌಕಾಸಿಯಲ್ಲಿ ಸರಕಾರ ಪ್ರವೇಶಿಸಕೂಡದು. ಕೋಟ್ಯಂತರ ವೃದ್ಧರ ಪರವಾಗಿ ಹಣ ಕೊಡುವ ಗಿರಾಕಿ, ಅಂಗಡಿಯ ಮುಂದೆ ನಿಂತು ದರ ಕೇಳಬಾರದೆಂದು ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡಂತಾಯಿತು. ಸಗಟು ಖರೀದಿಗೆ ಸೋಡಿ ಕೇಳುವುದು ವ್ಯಾಪಾರದ ಮೊದಲ ಪಾಠವೆಂದು ಬಲ್ಲವರಿಗೆ ಇದರ ವಿಪರೀತವನ್ನು ವಿವರಿಸಬೇಕಾಗಿಲ್ಲ.

ಮಸೂದೆ ಕೆಳಮನೆಯಲ್ಲಿ 2003ರ ನವೆಂಬರ್ 22ರಂದು ಅಂಗೀಕಾರವಾಯಿತು. ಬೆಳಗಿನ ಜಾವ ಮೂರು ಗಂಟೆಗೆ ಆರಂಭವಾದ ಮತದಾನವನ್ನು ಸುಮಾರು ಮೂರು ಗಂಟೆಗಳ ಕಾಲ ತೆರೆದಿಟ್ಟು, ಕಡೆಗೆ 220ಕ್ಕೆ 215 ಮತಗಳಿಂದ ಗೆಲ್ಲಿಸಲಾಯಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಇಬ್ಬರ ಮುಂದಿನ ನಡೆಯನ್ನು ಗಮನಿಸಬೇಕು. ಬಿಲ್ಲಿ ಟೌಜಿನ್ ಈ ವಿಷಯ ಬರುವ ಸದನ ಸಮಿತಿಯ ಅಧ್ಯಕ್ಷರು. ಅವರು ಸದನದಿಂದ ನಿವೃತ್ತರಾಗಿ 2005ರ ಆರಂಭದಲ್ಲಿ ಫಾರ್ಮಾ ಎಂಬ ಔಷಧ ತಯಾರಕರ ಸಂಘದ ಅಧ್ಯಕ್ಷರಾದರು. ಸಂಬಳ ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್ ಎಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಥಾಮಸ್ ಸ್ಕಲಿ ಮೆಡಿಕೇರ್ ಆಡಳಿತದ ಮುಖ್ಯಸ್ಥರು. ಮಸೂದೆಯ ಕೆಲಸ ನಡೆಯುತ್ತಿರುವಾಗಲೇ ಖಾಸಗಿ ಸಂಸ್ಥೆಗಳೊಡನೆ ನೌಕರಿಯ ಮಾತುಕತೆ ನಡೆಸಲು ತಮ್ಮ ಇಲಾಖೆಯಿಂದ ಲಿಖಿತ ವಿನಾಯಿತಿ ಪಡೆದಿದ್ದರು. ಕಾಯಿದೆಗೆ ಅಂಕಿತ ಬಿದ್ದ ತಿಂಗಳೇ ಹುದ್ದೆ ಬಿಟ್ಟರು. ಆರೋಗ್ಯ ಕ್ಷೇತ್ರದ ಕಕ್ಷಿಗಾರರನ್ನು ಹೊಂದಿದ್ದ ವಕೀಲ ಸಂಸ್ಥೆಯೊಂದನ್ನು ಸೇರಿದರು.

ಡ್ರೂಯನ್ ಮಾಡಿದ್ದಕ್ಕೂ ಸ್ಕಲಿ ಮಾಡಿದ್ದಕ್ಕೂ ಇರುವ ಅಂತರವೇನು? ಒಬ್ಬರು ಅನುಮತಿಯಿಲ್ಲದೆ ಮಾತನಾಡಿದರು, ಇನ್ನೊಬ್ಬರು ಅನುಮತಿ ಪತ್ರವಿಟ್ಟುಕೊಂಡು ಮಾತನಾಡಿದರು. ಕಾಯಿದೆಗೆ ಈ ಅಂತರ ಸಾಕು. ನೀತಿಗೆ ಸಾಲದು. ಚೀಟಿ ಬರೆದುಕೊಟ್ಟ ಮಾತ್ರಕ್ಕೆ ಹಿತಾಸಕ್ತಿಯ ಘರ್ಷಣೆ ಕರಗಿಹೋಗುವುದಿಲ್ಲ. ಅದು ಕಡತದೊಳಗೆ ಸೇರುತ್ತದೆ, ಅಷ್ಟೆ.

ಇದೇ ಪ್ರಕರಣದಲ್ಲಿ ನಮ್ಮಂಥ ಲೆಕ್ಕದ ಜನ ನೆನಪಿಡಬೇಕಾದ ಮತ್ತೊಬ್ಬರಿದ್ದಾರೆ. ರಿಚರ್ಡ್ ಫಾಸ್ಟರ್ ಮೆಡಿಕೇರ್‌ನ ಪ್ರಧಾನ ಲೆಕ್ಕಿಗರು, ಮುಂದಿನ ವರ್ಷಗಳ ವೆಚ್ಚವನ್ನು ಅಂದಾಜು ಮಾಡುವವರು. ಹತ್ತು ವರ್ಷಗಳಲ್ಲಿ ಸುಮಾರು 40,000 ಕೋಟಿ ಡಾಲರ್ ತಗಲುವುದೆಂಬ ನಂಬಿಕೆಯಿಂದ ಸದಸ್ಯರು ಮತ ಹಾಕಿದರು. ಫಾಸ್ಟರ್ ಅವರ ಲೆಕ್ಕ ಅದಕ್ಕಿಂತ ಬಹಳ ಹೆಚ್ಚಿತ್ತು. ಆ ಅಂಕಿಯನ್ನು ಸದಸ್ಯರಿಗೆ ತಿಳಿಸಿದರೆ ಕೆಲಸ ಕಳೆದುಕೊಳ್ಳಬೇಕಾದೀತೆಂದು ಸ್ಕಲಿ ಬೆದರಿಸಿದ್ದರೆಂದು ಮುಂದೆ ಇಲಾಖೆಯ ತನಿಖೆಯಲ್ಲಿಯೇ ತಿಳಿದುಬಂದಿತು. ಆದರೆ ಅದು ದಂಡನೀಯ ಅಪರಾಧವಲ್ಲವೆಂದು ತನಿಖೆ ಹೇಳಿತು. ಕಾಯಿದೆ ಜಾರಿಗೆ ಬಂದ ಎರಡು ತಿಂಗಳೊಳಗೆ, 2004ರ ಆರಂಭದಲ್ಲಿ, ಸರಕಾರವೇ 53,400 ಕೋಟಿ ಡಾಲರ್ ಎಂಬ ಅಂದಾಜನ್ನು ಪ್ರಕಟಿಸಿತು. ನಿಜವಾದ ವೆಚ್ಚ ಮುಂದೆ ಈ ಅಂದಾಜುಗಳಿಗಿಂತ ಕಡಿಮೆಯೇ ಆಯಿತೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಅದರಿಂದ ತಪ್ಪು ಅಳಿಸಿಹೋಗದು. ಪಾಲುದಾರನ ಸಹಿ ಪಡೆಯುವ ಮುನ್ನ ಮುನೀಮ ಬರೆದ ಪುಟವನ್ನು ಮುಚ್ಚಿಟ್ಟವನು, ವರ್ಷದ ಕೊನೆಗೆ ಲಾಭ ಬಂದಿತೆಂದು ಹೇಳಿ ನಿರ್ದೋಷಿಯಾಗಲಾರ.

ಟೌಜಿನ್ ಅವರ ವಿಷಯದಲ್ಲಿಯೂ ನ್ಯಾಯವಾಗಿ ಮಾತನಾಡಬೇಕು. ಅವರು ಸಂಬಳದ ಆಸೆಯಿಂದ ಆ ವಿಧಿಯನ್ನು ಸೇರಿಸಿದರೆಂಬುದಕ್ಕೆ ಪ್ರಮಾಣವಿಲ್ಲ. 2004ರಲ್ಲಿ ಅವರು ಕ್ಯಾನ್ಸರಿನಿಂದ ನರಳಿದರು. ಹೊಸ ಔಷಧದಿಂದ ತಮ್ಮ ಜೀವ ಉಳಿಯಿತು, ಆ ಉದ್ಯಮದ ಸೇವೆಗೆ ಸೇರಲು ಅದೇ ಪ್ರೇರಣೆಯಾಯಿತು ಎಂದು ಅವರು ಹೇಳಿದರು. ಆ ಮಾತನ್ನು ಸುಳ್ಳೆನ್ನಲು ನಮಗೆ ಅಧಿಕಾರವಿಲ್ಲ. ಪರರ ಮನಸ್ಸನ್ನು ನಾವು ಅಳೆಯಲಾರೆವು. ಆದುದರಿಂದಲೇ ಇಂಥ ವಿಷಯಗಳಲ್ಲಿ ನಿಯಮವು ಮನಸ್ಸಿನ ಶುದ್ಧಿಯನ್ನು ಅವಲಂಬಿಸಬಾರದು. ತಕ್ಕಡಿಗೆ ಮುದ್ರೆ ಹಾಕುವುದು ಎಲ್ಲ ವರ್ತಕರೂ ಕಳ್ಳರೆಂಬ ಕಾರಣಕ್ಕಲ್ಲ. ಪ್ರಾಮಾಣಿಕನೂ ತನ್ನ ತಕ್ಕಡಿಗೆ ತಾನೇ ಸಾಕ್ಷಿಯಾಗಲಾರನೆಂಬ ಕಾರಣಕ್ಕೆ.

ಈಗ ಕಾಯಿದೆ ಹಾಕಿರುವ ಕಟ್ಟನ್ನು ಪರೀಕ್ಷಿಸೋಣ. ಅಮೆರಿಕದಲ್ಲಿ ಕೆಳಮನೆಯ ಮಾಜಿ ಸದಸ್ಯರು ಒಂದು ವರ್ಷ ಕಾಲ ತಮ್ಮ ಹಳೆಯ ಸದನದಲ್ಲಿ ವಶೀಲಿ ನಡೆಸಕೂಡದು. ಮೇಲ್ಮನೆಯವರಿಗೆ 2007ರ ಕಾಯಿದೆಯಿಂದ ಇದು ಎರಡು ವರ್ಷವಾಯಿತು. ಇದನ್ನು ತಣಿಯುವ ಅವಧಿ ಎನ್ನುತ್ತಾರೆ. ಆದರೆ ಸ್ವತಃ ಹೋಗಿ ಕೇಳಬಾರದೆಂದಷ್ಟೇ ಅದರ ತಾತ್ಪರ್ಯ. ಸಂಘದ ಅಧ್ಯಕ್ಷಪೀಠದಲ್ಲಿ ಕುಳಿತು, ಯಾರು ಹೋಗಬೇಕು, ಯಾರನ್ನು ಕಾಣಬೇಕು, ಏನು ಹೇಳಬೇಕು ಎಂದು ನಿರ್ದೇಶಿಸಲು ಅಡ್ಡಿಯಿಲ್ಲ. ವಶೀಲಿದಾರರ ನೋಂದಣಿಗಾಗಿ 1995ರಲ್ಲಿ ಕಾಯಿದೆ ಬಂದಿತು. ಆದರೆ ಒಬ್ಬ ಕಕ್ಷಿಗಾರನಿಗಾಗಿ ವ್ಯಯಿಸುವ ಕಾಲದಲ್ಲಿ ಶೇಕಡಾ 20ಕ್ಕಿಂತ ಕಡಿಮೆ ಭಾಗವನ್ನು ವಶೀಲಿಗೆ ಬಳಸುವವನು ನೋಂದಾಯಿಸಬೇಕಾಗಿಲ್ಲ. ಹೀಗೆ ಸಲಹೆಗಾರ ಎಂಬ ಗೌರವದ ಹೆಸರಿನಲ್ಲಿ ಹಲವರು ಪಟ್ಟಿಯ ಹೊರಗೇ ಉಳಿಯುತ್ತಾರೆ.

ಕಂಪೆನಿ ಇಂಥವರಿಂದ ನಿಜವಾಗಿ ಕೊಳ್ಳುವುದೇನನ್ನು? ಮೊದಲನೆಯದು ತಿಳಿವಳಿಕೆ: ಯಾವ ಕಡತ ಎಲ್ಲಿ ನಿಲ್ಲುತ್ತದೆ, ಯಾವ ನಿಯಮದಲ್ಲಿ ಎಲ್ಲಿ ಸಡಿಲವಿದೆ ಎಂಬುದು. ಎರಡನೆಯದು ಪರಿಚಯ: ಹಳೆಯ ಸಹೋದ್ಯೋಗಿ ದೂರವಾಣಿ ಮಾಡಿದರೆ ಎತ್ತಿಕೊಳ್ಳುವ ದಾಕ್ಷಿಣ್ಯ. ಇವೆರಡೂ ಕಾಲ ಕಳೆದಂತೆ ಹಳತಾಗುತ್ತವೆ. ತಣಿಯುವ ಅವಧಿಯಿಂದ ಇವುಗಳಿಗೆ ಸ್ವಲ್ಪ ತಡೆಯಾಗುವುದುಂಟು. ಮೂರನೆಯದು ಹೆಚ್ಚು ಸೂಕ್ಷ್ಮ: ಇನ್ನೂ ಅಧಿಕಾರದಲ್ಲಿ ಕುಳಿತಿರುವವರ ಮನಸ್ಸಿನಲ್ಲಿ ಹುಟ್ಟುವ ನಿರೀಕ್ಷೆ. ಹಿರಿಯರೊಬ್ಬರು ಮೃದುವಾಗಿ ನಡೆದುಕೊಂಡು ನಿವೃತ್ತಿಯ ಬಳಿಕ ದೊಡ್ಡ ಹುದ್ದೆ ಪಡೆದುದನ್ನು ಕಿರಿಯರು ಕಾಣುತ್ತಾರೆ. ಯಾರೂ ಅವರಿಗೆ ಏನನ್ನೂ ಹೇಳಬೇಕಾಗಿಲ್ಲ, ಏನನ್ನೂ ಕೊಡಬೇಕಾಗಿಲ್ಲ. ಸಹಿ ಮಾಡುವ ಕೈ ತಾನಾಗಿಯೇ ಸಡಿಲವಾಗುತ್ತದೆ. ಈ ಸಾಲವನ್ನು ಯಾವ ಖಾತೆಯೂ ತೋರಿಸುವುದಿಲ್ಲ, ಯಾವ ತನಿಖೆಯೂ ಹಿಡಿಯುವುದಿಲ್ಲ. ಒಂದು ವರ್ಷದ ಬಿಡುವು ಈ ನಿರೀಕ್ಷೆಯನ್ನು ಕೊಲ್ಲುವುದಿಲ್ಲ. ಸಂಬಳವನ್ನು ಒಂದು ವರ್ಷ ತಡಮಾಡುತ್ತದೆ, ಅಷ್ಟೆ.

ನಮ್ಮ ದೇಶದ ಸ್ಥಿತಿಯನ್ನೂ ನೋಡಿಕೊಳ್ಳಬೇಕು. ಇಲ್ಲಿ ಕೇಂದ್ರದ ಉನ್ನತ ಅಧಿಕಾರಿಗಳು ನಿವೃತ್ತಿಯ ಬಳಿಕ ನಿಗದಿತ ಅವಧಿಯೊಳಗೆ ಖಾಸಗಿ ನೌಕರಿ ಹಿಡಿಯಬೇಕಾದರೆ ಸರಕಾರದ ಪೂರ್ವಾನುಮತಿ ಬೇಕು. ಈ ಅವಧಿ ಹಿಂದೆ ಎರಡು ವರ್ಷವಿತ್ತು. ಅನಂತರ ಒಂದು ವರ್ಷಕ್ಕೆ ಇಳಿಯಿತು. ಅರ್ಜಿ ಕೊಟ್ಟ ಮೇಲೆ ಗೊತ್ತುಪಡಿಸಿದ ದಿನಗಳೊಳಗೆ ನಿರಾಕರಣೆ ಬಾರದಿದ್ದರೆ ಅನುಮತಿ ದೊರೆತಂತೆಯೇ ಭಾವಿಸಬೇಕು. ಮೀರಿದವರಿಗೆ ಪಿಂಚಣಿಯನ್ನು ತಡೆಹಿಡಿಯುವುದೇ ಮುಖ್ಯ ದಂಡನೆ. ದೊಡ್ಡ ಕಂಪೆನಿಯ ಸಂಬಳದ ಮುಂದೆ ಪಿಂಚಣಿಯ ತೂಕವೆಷ್ಟು? ಇದು ಪಿಂಚಣಿಯ ನಿಯಮವಾದ್ದರಿಂದ ಸಚಿವರಿಗೆ ಅನ್ವಯಿಸುವುದೂ ಇಲ್ಲ.

ವಶೀಲಿದಾರರು ಯಾರು, ಯಾರ ಹಣದಿಂದ ಯಾವ ವಿಷಯಕ್ಕಾಗಿ ಓಡಾಡುತ್ತಾರೆ ಎಂದು ಬರೆದಿಡುವ ಕಾಯಿದೆಯೂ ನಮ್ಮಲ್ಲಿಲ್ಲ. 2012ರ ಡಿಸೆಂಬರಿನಲ್ಲಿ ವಾಲ್‌ಮಾರ್ಟ್ ಕಂಪೆನಿಯ ವಿಷಯವಾಗಿ ನಮ್ಮ ಸಂಸತ್ತಿನಲ್ಲಿ ಕೋಲಾಹಲವೆದ್ದುದನ್ನು ವರ್ತಕರು ಮರೆತಿರಲಾರರು. 2008ರಿಂದ ಆ ಕಂಪೆನಿ ತನ್ನ ದೇಶದಲ್ಲಿ ವಶೀಲಿಗಾಗಿ ಸುಮಾರು 2.5 ಕೋಟಿ ಡಾಲರ್ ಖರ್ಚು ಮಾಡಿತ್ತು. ಅದರ ವಿಷಯಗಳಲ್ಲಿ ಭಾರತದ ಮಾರುಕಟ್ಟೆಯ ಪ್ರವೇಶವೂ ಒಂದಾಗಿತ್ತು. ಇದು ನಮಗೆ ತಿಳಿದದ್ದು ನಮ್ಮ ಯಾವ ದಾಖಲೆಯಿಂದಲೂ ಅಲ್ಲ, ಅಮೆರಿಕದ ಕಾಯಿದೆಯಂತೆ ಅಲ್ಲಿ ಸಲ್ಲಿಸಿದ ವರದಿಯಿಂದ. ಅವರ ಕಾಯಿದೆಯಲ್ಲಿ ತೂತುಗಳಿವೆ ಎಂದು ಮೇಲೆ ಬರೆದೆ. ತೂತು ಇರಬೇಕಾದರೆ ಮೊದಲು ಗೋಡೆಯಾದರೂ ಇರಬೇಕಲ್ಲ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮೂವತ್ತು ವರ್ಷಗಳ ಅನುಭವವನ್ನು ವ್ಯರ್ಥಗೊಳಿಸಬೇಕೇ, ನಿವೃತ್ತನಿಗೆ ಜೀವನೋಪಾಯದ ಹಕ್ಕಿಲ್ಲವೇ, ಖಾಸಗಿಯವರು ಸರಕಾರಕ್ಕೂ ಸರಕಾರದವರು ಖಾಸಗಿಗೂ ಬಂದುಹೋದರೆ ಎರಡಕ್ಕೂ ಲಾಭವಲ್ಲವೇ ಎಂದು ಕೇಳುತ್ತಾರೆ. ಈ ಪ್ರಶ್ನೆಗಳನ್ನು ತಳ್ಳಿಹಾಕಲಾಗದು. ಅನುಭವಿಯು ಪಾಠ ಹೇಳಲಿ, ಪುಸ್ತಕ ಬರೆಯಲಿ, ತಾನು ನಿಯಂತ್ರಿಸದ ಉದ್ಯಮದಲ್ಲಿ ದುಡಿಯಲಿ, ಬೇಡವೆನ್ನುವವರಾರು? ಒಂದು ಅಂಗಡಿಯ ಗುಮಾಸ್ತ ಇನ್ನೊಂದು ಅಂಗಡಿಗೆ ಹೋಗುವುದು ತಪ್ಪಲ್ಲ. ಹಳೆಯ ಅಂಗಡಿಯ ಗಿರಾಕಿಗಳ ಖಾತೆಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋಗುವುದು ತಪ್ಪು. ಆ ಪುಸ್ತಕ ಅವನದಲ್ಲ. ಅಧಿಕಾರದಲ್ಲಿದ್ದಾಗ ದೊರೆತ ತಿಳಿವಳಿಕೆಯೂ ಪರಿಚಯವೂ ಪ್ರಜೆಗಳ ಖರ್ಚಿನಲ್ಲಿ ಕೂಡಿದ ಸೊತ್ತು. ಅದನ್ನು ಪ್ರಜೆಗಳ ವಿರುದ್ಧವೇ ಮಾರಿ ಪಡೆದ ಹಣವನ್ನು ನ್ಯಾಯಾರ್ಜಿತ ಧನವೆನ್ನಲು ಸಾಧ್ಯವೇ?

ಮಾಡಬೇಕಾದುದು ಅಸಾಧ್ಯವಾದುದೇನಲ್ಲ. ತಾನು ಸಹಿ ಮಾಡಿದ ವಿಷಯದಲ್ಲಿ ಅಧಿಕಾರಿಯಾಗಲಿ ಸಚಿವನಾಗಲಿ ಎಂದೆಂದಿಗೂ ಖಾಸಗಿಯವರ ಪರ ನಿಲ್ಲಕೂಡದು. ಉಳಿದ ವಿಷಯಗಳಲ್ಲಿ ಅವಧಿಯು ಹುದ್ದೆಯ ಹಿರಿಮೆಗೆ ತಕ್ಕಂತೆ ದೀರ್ಘವಾಗಬೇಕು. ಅನುಮತಿ ಕೊಟ್ಟರೆ ಕಾರಣವನ್ನು ಬರೆದು ಪ್ರಕಟಿಸಬೇಕು, ಮೌನವು ಸಮ್ಮತಿಯಾಗಬಾರದು. ಯಾರು ಯಾರನ್ನು ಯಾವ ವಿಷಯಕ್ಕಾಗಿ ಕಂಡರೆಂಬ ರೋಜುಕೀರ್ದಿಯನ್ನು ಸರಕಾರ ಇಡಬೇಕು. ಅದು ಯಾರಾದರೂ ಓದುವಂತಿರಬೇಕು. ಚಿಕ್ಕ ಅಂಗಡಿಯವನಿಂದಲೂ ಪ್ರತಿ ವ್ಯವಹಾರದ ಲೆಕ್ಕ ಕೇಳುವ ಸರಕಾರಕ್ಕೆ ಇದು ಕಷ್ಟವಾಗಬಾರದು.

ವ್ಯಾಪಾರಿ ಸಮುದಾಯದ ಹೊಣೆಯೂ ಇಲ್ಲಿ ಕಡಿಮೆಯದಲ್ಲ. ಬಾಗಿಲು ತಿರುಗಬೇಕಾದರೆ ಎರಡು ಕೈ ಬೇಕು. ನಿವೃತ್ತ ಅಧಿಕಾರಿಯನ್ನು ಅವನ ಜಾಣ್ಮೆಗಾಗಿ ಅಲ್ಲ, ಅವನ ಹಳೆಯ ಕುರ್ಚಿಗಾಗಿ ನೇಮಿಸಿಕೊಳ್ಳುವವರು ನಮ್ಮವರೇ. ಡ್ರೂಯನ್ ಅವರೊಡನೆ ಸಿಯರ್ಸ್ ಅವರೂ ಸೆರೆಮನೆಗೆ ಹೋದರೆಂಬುದನ್ನು ಮರೆಯಲಾಗದು. ಲೆಕ್ಕ ತೋರಿಸಲಾಗದ ಸಂಬಂಧವನ್ನು ಸಂಬಳದ ಪಟ್ಟಿಯಲ್ಲಿ ಬರೆಯುವುದೂ ಕಳ್ಳಲೆಕ್ಕವೇ.

ಔಷಧದ ಬೆಲೆಯ ಮೇಲೆ ಹಾಕಿದ ಆ ಬೀಗ 19 ವರ್ಷ ಹಾಗೆಯೇ ಇತ್ತು. 2022ರ ಆಗಸ್ಟಿನಲ್ಲಿ ಬಂದ ಕಾಯಿದೆ ಕೆಲವೇ ಔಷಧಗಳಿಗೆ ಚೌಕಾಸಿಯ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಮೊದಲ 10 ಔಷಧಗಳ ಹೊಸ ದರ ಜಾರಿಗೆ ಗೊತ್ತಾದ ದಿನ 2026ರ ಜನವರಿ 1. ವಿಮಾನದ ಪ್ರಕರಣದಲ್ಲಿ ಅಪರಾಧಿಗಳು ಕೆಲವೇ ತಿಂಗಳು ಸೆರೆಯಲ್ಲಿದ್ದು ಹೊರಬಂದರು. ಔಷಧದ ಪ್ರಕರಣದಲ್ಲಿ ಅಪರಾಧಿಯೆಂದು ಯಾರೂ ಇರಲಿಲ್ಲ. ದಂಡ ಮಾತ್ರ ಇತ್ತು. ಅದನ್ನು ಎರಡು ದಶಕಗಳ ಕಾಲ ಔಷಧದ ಅಂಗಡಿಯ ಮುಂದೆ ನಿಂತ ವೃದ್ಧರು ಕೊಟ್ಟರು.